ಗಂಡು ತೊಂಡೆಬಳ್ಳಿಯ ದೊಡ್ಡ ವರ್ಣತಂತು

ನಮ್ಮ ಕಾಸರಗೋಡಿನ ಕಡೆ ಹಿತ್ತಿಲಲ್ಲಿ ತೊಂಡೆ ಚಪ್ಪರ ಇಲ್ಲದ ಮನೆ ಕಡಿಮೆ. ತುಳುವಿನಲ್ಲಿ ಮನೋಳಿ, ಮಲಯಾಳದಲ್ಲಿ ಕೋವಯ್ಕ, ಕನ್ನಡದಲ್ಲಿ ತೊಂಡೆ. ಹೆಸರು ಮೂರಾದರೂ ನೆಡುವ ಕ್ರಮ ಒಂದೇ. ಯಾರೂ ಬೀಜ ಹಾಕುವುದಿಲ್ಲ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದ ಗೇಣುದ್ದದ ತುಂಡು ಕಡಿದು ತಂದು ಊರುತ್ತಾರೆ. ಯಾಕೆ ಹಾಗೆ ಎಂದು ಕ್ಲಾಸಿನಲ್ಲಿ ಕೇಳಿದರೆ "ಬೇಗ ಕಾಯಿ ಬಿಡ್ತದೆ ಸರ್" ಎಂಬ ಉತ್ತರ ಬರುತ್ತದೆ. ಅದೂ ಹೌದು. ಆದರೆ ಮುಖ್ಯ ಕಾರಣ ಬೇರೆ ಇದೆ. ಬೀಜ ಹಾಕಿದರೆ ಹುಟ್ಟುವ ಬಳ್ಳಿಗಳಲ್ಲಿ ಸುಮಾರು ಅರ್ಧದಷ್ಟು ಗಂಡು. ಗಂಡು ಬಳ್ಳಿ ಚಪ್ಪರ ತುಂಬ ಹಬ್ಬುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಇಲ್ಲ.

ತಲೆಮಾರುಗಳಿಂದ ಹೆಣ್ಣನ್ನೇ ತುಂಡು ಮಾಡಿ ನೆಡುತ್ತ ಬಂದದ್ದರಿಂದ ಗಂಡು ತೊಂಡೆಯನ್ನು ನೋಡಿದವರೇ ವಿರಳ. ನೋಡಬೇಕಾದರೆ ಬೇಲಿಯ ಮೇಲೆ ಹಬ್ಬುವ ಕಹಿ ಕಾಡುತೊಂಡೆಯಲ್ಲಿ ಹುಡುಕಬೇಕು. ಎರಡರದ್ದೂ ಬಿಳಿ ಹೂವು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ, ಗಂಡಿಗೆ ಬರಿಯ ತೊಟ್ಟು. ಗಂಡಿನ ಪರಾಗ ಬೀಳದೆಯೂ ಕಾಯಿ ಕಟ್ಟುವ ತಳಿಗಳು ಈಗ ಇರುವುದರಿಂದ ಈ ಗಂಡು ಬಳ್ಳಿಯನ್ನು ಕೇಳುವವರೇ ಇಲ್ಲ. ಆದರೆ ಇದರ ಜೀವಕೋಶದೊಳಗೆ ಇರುವ ಒಂದು ವರ್ಣತಂತುವಿಗಾಗಿ ಪುಣೆಯಿಂದ ಮ್ಯೂನಿಕ್ ತನಕದ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾರೆ. ಇವತ್ತು ಆ ಕಥೆ ಬರೆಯೋಣ ಎನಿಸಿತು. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಗಿಡಗಳಲ್ಲಿ ಗಂಡು ಹೆಣ್ಣು ಉಂಟೆಂದು ಖರ್ಜೂರ ಬೆಳೆಯುವ ದೇಶದವರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಮೆಸೊಪೊಟೇಮಿಯಾದ ರೈತರು ಗಂಡು ಮರದ ಹೂಗೊಂಚಲನ್ನು ಕಡಿದು ತಂದು ಹೆಣ್ಣು ಮರದ ಹೂವಿನ ಮೇಲೆ ಕೊಡವುತ್ತಿದ್ದರು. ಗ್ರೀಸಿನ ಥಿಯೊಫ್ರಾಸ್ಟಸ್ ಇದನ್ನು ಬರೆದಿಟ್ಟಿದ್ದಾನೆ. ಆದರೆ ಕೆಲಸ ಗೊತ್ತಿರುವುದು ಬೇರೆ, ಪರೀಕ್ಷೆ ಮಾಡಿ ತೋರಿಸುವುದು ಬೇರೆ. ಪರೀಕ್ಷೆ ಮಾಡಿದವನು ಜರ್ಮನಿಯ ಟ್ಯೂಬಿಂಗನ್ ಎಂಬ ಊರಿನ ರುಡಾಲ್ಫ್ ಕಮೆರಾರಿಯಸ್. ಅವನು ಹೆಣ್ಣು ಹಿಪ್ಪುನೇರಳೆ ಮರ ಗಂಡಿನಿಂದ ದೂರ ಇದ್ದರೆ ಏನಾಗುತ್ತದೆ ಎಂದು ನೋಡಿದ. ಹಣ್ಣು ಬಂತು, ಒಳಗಿನ ಬೀಜ ಜೊಳ್ಳು. ಹರಳು ಗಿಡದ ಗಂಡು ಹೂಗಳನ್ನು ಅರಳುವ ಮೊದಲೇ ಚಿವುಟಿದ, ಬೀಜ ಕಟ್ಟಲಿಲ್ಲ. ಮೆಕ್ಕೆಜೋಳದಲ್ಲೂ ಇಂಥದ್ದೇ ಪರೀಕ್ಷೆ. 1694ರಲ್ಲಿ ಸಹೋದ್ಯೋಗಿಯೊಬ್ಬನಿಗೆ ಬರೆದ ದೀರ್ಘ ಪತ್ರದಲ್ಲಿ ಇದನ್ನೆಲ್ಲ ವರದಿ ಮಾಡಿದ. ನನಗೆ ಇಷ್ಟವಾದ ಸಂಗತಿ ಎಂದರೆ ಅವನು ತನಗೆ ಅಡ್ಡ ಬಂದ ಫಲಿತಾಂಶವನ್ನೂ ಬಚ್ಚಿಡಲಿಲ್ಲ. ಗಂಡಿನಿಂದ ಬೇರೆ ಇಟ್ಟ ಹೆಣ್ಣು ಸೆಣಬಿನ ಗಿಡದಲ್ಲಿ ಒಂದಿಷ್ಟು ಬೀಜ ಕಟ್ಟಿಬಿಟ್ಟಿತ್ತು. ಅದು ಅವನನ್ನು ಕಾಡಿತು, ಹಾಗೆಂದೇ ಬರೆದ.

ಮುಂದೆ ಲಿನೇಯಸ್ ಹೂವಿನ ಕೇಸರ ಶಲಾಕೆಗಳನ್ನು ಎಣಿಸಿಯೇ ಗಿಡಗಳನ್ನು 24 ವರ್ಗ ಮಾಡಿದ. ಗಂಡು ಒಂದು ಗಿಡ, ಹೆಣ್ಣು ಇನ್ನೊಂದು ಗಿಡ ಇರುವಂಥವಕ್ಕೆ 22ನೆಯ ವರ್ಗ, 'ಡಯೀಸಿಯಾ'. ಗ್ರೀಕಿನಲ್ಲಿ ಎರಡು ಮನೆ ಎಂದು ಅರ್ಥ. ನಮ್ಮ ತೊಂಡೆಗೆ 1767ರಲ್ಲಿ ಅವನು ಇಟ್ಟ ಹೆಸರು ಬ್ರಯೋನಿಯಾ ಗ್ರ್ಯಾಂಡಿಸ್. ಯುರೋಪಿನ ಬೇಲಿಗಳಲ್ಲಿ ಹಬ್ಬುವ ಬ್ರಯೋನಿ ಬಳ್ಳಿಯ ಕುಲಕ್ಕೆ ತೊಂಡೆಯನ್ನು ಸೇರಿಸಿದ್ದ. ಕುಲ ಬದಲಾಗಿ ಈಗ ಅದು ಕಾಕ್ಸೀನಿಯಾ ಗ್ರ್ಯಾಂಡಿಸ್. ಆದರೂ ಬ್ರಯೋನಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಬಟಾಣಿಯ ಮೆಂಡೆಲ್ ಪಾದ್ರಿ ಎಲ್ಲರಿಗೂ ಗೊತ್ತು. ಅವನು ಬ್ರುನೊ ಊರಿನ ಮಠದಲ್ಲಿ ಇನ್ನೂ ಎಷ್ಟೋ ಗಿಡಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಅದರಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇರುವ ಬಿಳಿ ಕ್ಯಾಂಪಿಯನ್ ಜಾತಿಯ ಹೂಗಿಡವೂ ಒಂದು. ಗಿಡದ ಲಿಂಗವೂ ಬಟಾಣಿಯ ಬಣ್ಣದ ಹಾಗೆ ವಂಶದಿಂದ ಬರುವ ಗುಣವೇ ಇರಬಹುದೇ ಎಂಬ ಯೋಚನೆ ಅವನಿಗೆ ಬಂದಿತ್ತು, 1870ರಲ್ಲಿ ನೇಗೆಲಿ ಎಂಬ ಸಸ್ಯವಿಜ್ಞಾನಿಗೆ ಬರೆದ ಪತ್ರದಲ್ಲಿ ಅದರ ಪ್ರಸ್ತಾಪ ಇದೆ. ಪತ್ರ ಅಲ್ಲಿಗೇ ನಿಂತಿತು. 1900ರಲ್ಲಿ ಮೆಂಡೆಲನ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬನಾದ ಕಾರ್ಲ್ ಕಾರೆನ್ಸ್ ಎಂಬಾತನೇ ಈ ಪ್ರಶ್ನೆಗೂ ಉತ್ತರ ಹುಡುಕಿದ. ಹುಡುಕಿದ್ದು ಬ್ರಯೋನಿಯಲ್ಲಿ.

ಬ್ರಯೋನಿಯಲ್ಲಿ ಒಂದು ಜಾತಿ ಗಂಡು ಹೆಣ್ಣು ಬೇರೆ ಬಳ್ಳಿಯದ್ದು, ಇನ್ನೊಂದು ಜಾತಿ ಒಂದೇ ಬಳ್ಳಿಯಲ್ಲಿ ಎರಡೂ ಹೂ ಬಿಡುವಂಥದ್ದು. ಕಾರೆನ್ಸ್ ಎರಡನ್ನೂ ಎರಡು ದಿಕ್ಕಿನಿಂದ ಸಂಕರ ಮಾಡಿದ. ಮೊದಲ ಜಾತಿಯ ಹೆಣ್ಣಿಗೆ ಎರಡನೆಯ ಜಾತಿಯ ಪರಾಗ ಹಾಕಿದಾಗ ಹುಟ್ಟಿದ್ದು ಹೆಚ್ಚು ಕಡಿಮೆ ಎಲ್ಲ ಹೆಣ್ಣು. ಎರಡನೆಯ ಜಾತಿಗೆ ಮೊದಲ ಜಾತಿಯ ಗಂಡಿನ ಪರಾಗ ಹಾಕಿದಾಗ ಅರ್ಧ ಗಂಡು, ಅರ್ಧ ಹೆಣ್ಣು. ಇದರ ಅರ್ಥ ಏನು? ಆ ಗಂಡಿನ ಪರಾಗದಲ್ಲಿ ಎರಡು ಬಗೆ ಇದೆ, ಒಂದು ಬಗೆ ಗಂಡನ್ನೂ ಇನ್ನೊಂದು ಹೆಣ್ಣನ್ನೂ ಹುಟ್ಟಿಸುತ್ತದೆ. 1907ರಲ್ಲಿ ಅವನು ಇದನ್ನು ಪ್ರಕಟಿಸಿದ. ಸೂಕ್ಷ್ಮದರ್ಶಕ ಮುಟ್ಟದೆ, ಬರಿ ಬಳ್ಳಿಗಳನ್ನು ಎಣಿಸಿ ತೆಗೆದ ತೀರ್ಮಾನ ಇದು.

ಅತ್ತ ಪ್ರಾಣಿಗಳ ಕಡೆ ಸೂಕ್ಷ್ಮದರ್ಶಕದ ಕೆಲಸ ಮೊದಲೇ ಶುರುವಾಗಿತ್ತು. 1891ರಲ್ಲಿ ಹರ್ಮನ್ ಹೆಂಕಿಂಗ್ ಒಂದು ತಿಗಣೆ ಜಾತಿಯ ಕೀಟದಲ್ಲಿ ಜೋಡಿ ಇಲ್ಲದ ಒಂದು ವಸ್ತುವನ್ನು ನೋಡಿ, ಏನೆಂದು ಖಚಿತವಾಗದೆ 'ಎಕ್ಸ್' ಎಂದು ಗುರುತು ಹಾಕಿದ್ದ. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳದ ಗಂಡಿನಲ್ಲಿ ಒಂದು ಪುಟ್ಟ ವರ್ಣತಂತು ಇರುವುದನ್ನೂ ಹೆಣ್ಣಿನಲ್ಲಿ ಅದರ ಜಾಗದಲ್ಲಿ ದೊಡ್ಡದು ಇರುವುದನ್ನೂ ತೋರಿಸಿದಳು. ಎಕ್ಸ್ ಮತ್ತು ವೈ ನಮ್ಮ ಪಠ್ಯಪುಸ್ತಕಕ್ಕೆ ಬಂದದ್ದು ಈ ದಾರಿಯಲ್ಲಿ. ಗಿಡಗಳಲ್ಲಿ ಇಂಥದ್ದನ್ನು ಮೊದಲು ಕಂಡವನು ವಿಸ್ಕಾನ್ಸಿನ್‌ನ ಚಾರ್ಲ್ಸ್ ಆಲನ್, 1917ರಲ್ಲಿ. ಅದೂ ಹೂಗಿಡದಲ್ಲಿ ಅಲ್ಲ, ಒದ್ದೆ ನೆಲಕ್ಕೆ ಅಂಟಿಕೊಂಡು ಬೆಳೆಯುವ, ಪಾಚಿಯ ಹತ್ತಿರದ ಸ್ಫೇರೊಕಾರ್ಪಸ್ ಎಂಬ ಪುಟಾಣಿ ಸಸ್ಯದಲ್ಲಿ. 1923ರಲ್ಲಂತೂ ಸುಗ್ಗಿ. ಇಂಗ್ಲೆಂಡಿನ ಕ್ಯಾಥ್ಲೀನ್ ಬ್ಲ್ಯಾಕ್‌ಬರ್ನ್ ಮತ್ತು ಡೆನ್ಮಾರ್ಕಿನ ಓವಿಂಡ್ ವಿಂಗೆ ಮೆಂಡೆಲನ ಆ ಕ್ಯಾಂಪಿಯನ್ ಗಿಡದಲ್ಲೇ, ಜಪಾನಿನ ಕಿಹಾರ ಮತ್ತು ಓನೋ ಹುಳಿಸೊಪ್ಪಿನ ಜಾತಿಯ ರೂಮೆಕ್ಸ್‌ನಲ್ಲಿ ಲಿಂಗ ವರ್ಣತಂತುಗಳನ್ನು ಕಂಡರು. ರೂಮೆಕ್ಸ್ ಗಂಡಿನಲ್ಲಿ ಒಂದಲ್ಲ ಎರಡು ವೈ.

ಇಲ್ಲೊಂದು ವಿಚಿತ್ರ ಇತ್ತು. ಮನುಷ್ಯನ ವೈ ಸಣ್ಣದು, ಎಕ್ಸ್ ದೊಡ್ಡದು. ಹಿಟ್ಟಿನ ಹುಳದಲ್ಲೂ ಹಾಗೇ. ಕ್ಯಾಂಪಿಯನ್‌ನಲ್ಲಿ ವೈ ದೊಡ್ಡದು! ಅದರ 24 ವರ್ಣತಂತುಗಳಲ್ಲಿ ಎಲ್ಲಕ್ಕಿಂತ ದೊಡ್ಡದೇ ವೈ. ಯಾಕೆ ಎಂದು ಆಗ ಯಾರಿಗೂ ಹೇಳಲಾಗಲಿಲ್ಲ.

ಈಗ ನಮ್ಮ ತೊಂಡೆಗೆ ಬರೋಣ. 1940ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಎರಡು ಮೂರು ಪುಟದ ಒಂದು ಟಿಪ್ಪಣಿ ಬಂತು. ಬರೆದವರು ಪುಣೆಯ ಎಲ್.ಎಸ್.ಎಸ್. ಕುಮಾರ್ ಮತ್ತು ಜಿ.ಬಿ. ದೇವದೀಕರ್. ವಿಷಯ ತೊಂಡೆಯ ಲಿಂಗ ವರ್ಣತಂತು. ತೊಂಡೆಯಲ್ಲೂ 24 ವರ್ಣತಂತುಗಳು. ಹೆಣ್ಣಿನಲ್ಲಿ 22 ಸಾಮಾನ್ಯದವು ಮತ್ತು ಎರಡು ಎಕ್ಸ್. ಗಂಡಿನಲ್ಲಿ 22, ಒಂದು ಎಕ್ಸ್, ಒಂದು ವೈ. ಈ ವೈ ಉಳಿದವುಗಳ ನಡುವೆ ಎದ್ದು ಕಾಣುವಷ್ಟು ದೊಡ್ಡದು, ಕಡಲೆಬೇಳೆಯ ಮಧ್ಯೆ ಒಂದು ಅವರೆಕಾಳು ಬಿದ್ದ ಹಾಗೆ. 1947ರಲ್ಲಿ ಭಾದುರಿ ಮತ್ತು ಬೋಸ್ ಸೋರೆ, ಹಾಗಲ, ತೊಂಡೆಗಳ ವರ್ಗದ ಗಿಡಗಳನ್ನು ನೋಡುತ್ತ ಇದನ್ನು ಮತ್ತೆ ಪರಿಶೀಲಿಸಿದರು. 1952ರಲ್ಲಿ ಕುಮಾರ್ ಮತ್ತು ವಿಶ್ವೇಶ್ವರಯ್ಯ ಎಂಬವರು 'ನೇಚರ್' ಪತ್ರಿಕೆಯಲ್ಲಿ ತೊಂಡೆಯ ಲಿಂಗ ನಿರ್ಧಾರದ ಬಗ್ಗೆ ಬರೆದರು (ಇವರು ನಮ್ಮ ಸರ್ ಎಂ.ವಿ. ಅಲ್ಲ, ಬೇರೆಯವರು). ವೈ ಬಂದರೆ ಬಳ್ಳಿ ಗಂಡು, ಎಂಬಲ್ಲಿಗೆ ವಿಷಯ ಬಂದು ನಿಂತಿತು. ನಾನು ಓದಿದ, ಕಲಿಸಿದ ಪಠ್ಯಪುಸ್ತಕಗಳಲ್ಲಿ ಈ ಹೆಸರುಗಳನ್ನು ನಾನು ಕಂಡದ್ದಿಲ್ಲ. ಲಿಂಗ ನಿರ್ಧಾರ ಎಂದರೆ ಮನುಷ್ಯ, ಹಣ್ಣುನೊಣ, ಇಷ್ಟೇ. ಅಡಿಗೆಮನೆಯಲ್ಲಿ ದಿನಾ ಹೆಚ್ಚುವ ಕಾಯಿಯ ಉದಾಹರಣೆ ಇರುವಾಗ ಹಣ್ಣುನೊಣವನ್ನೇ ಕಂಠಪಾಠ ಮಾಡಿಸಬೇಕೇ ಎಂದು ನನ್ನ ಸಣ್ಣದೊಂದು ತಕರಾರು.

ಅದೇ ಕಾಲದಲ್ಲಿ ಡೆನ್ಮಾರ್ಕಿನ ಮೊಗೆನ್ಸ್ ವೆಸ್ಟರ್‌ಗಾರ್ಡ್ ಕ್ಯಾಂಪಿಯನ್‌ನ ವೈಯನ್ನು ತುಂಡು ತುಂಡಾಗಿ ಅರ್ಥ ಮಾಡಿಕೊಳ್ಳುತ್ತಿದ್ದ. ವೈಯ ಬೇರೆ ಬೇರೆ ಭಾಗ ಕಳಕೊಂಡ ಗಿಡಗಳನ್ನು ಹುಡುಕಿ ಏನಾಗಿದೆ ಎಂದು ನೋಡುವುದು ಅವನ ಉಪಾಯ. ಒಂದು ತುದಿ ಹೋದರೆ ಗಿಡದಲ್ಲಿ ಗಂಡಿನ ಕೇಸರದ ಜತೆ ಹೆಣ್ಣಿನ ಭಾಗವೂ ಬೆಳೆಯಿತು. ಅಂದರೆ ಆ ತುದಿಯ ಕೆಲಸ ಹೆಣ್ಣನ್ನು ತಡೆಯುವುದು. ಇನ್ನೊಂದು ಭಾಗ ಹೋದರೆ ಕೇಸರ ಪೂರ್ತಿ ಬೆಳೆಯದೆ ಬಂಜೆಯಾಯಿತು. ಹೀಗೆ ವೈಯಲ್ಲಿ ಹೆಣ್ಣನ್ನು ತಡೆಯುವ ಒಂದು, ಗಂಡನ್ನು ಬೆಳೆಸುವ ಎರಡು, ಒಟ್ಟು ಮೂರು ಪ್ರದೇಶ ಎಂದು ಲೆಕ್ಕ ಹಾಕಿದ. 1978ರಲ್ಲಿ ಬ್ರಯನ್ ಮತ್ತು ಡೆಬೊರಾ ಚಾರ್ಲ್ಸ್‌ವರ್ತ್ ದಂಪತಿ ಇದರ ಹಿಂದಿನ ಚರಿತ್ರೆಯನ್ನು ಊಹಿಸಿದರು. ಮೊದಲು ಎಲ್ಲ ಹೂವೂ ದ್ವಿಲಿಂಗಿ. ಒಂದು ಬದಲಾವಣೆಯಿಂದ ಕೆಲವು ಗಿಡಗಳಲ್ಲಿ ಕೇಸರ ಸತ್ತು ಹೆಣ್ಣಾದವು. ಆಮೇಲೆ ಇನ್ನೊಂದು ಬದಲಾವಣೆಯಿಂದ ಉಳಿದವುಗಳಲ್ಲಿ ಹೆಣ್ಣಿನ ಭಾಗ ಕುಗ್ಗಿ ಗಂಡಾದವು. ಈ ಎರಡು ಬದಲಾವಣೆಗಳೂ ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇದ್ದು ಒಟ್ಟಿಗೇ ಸಾಗಬೇಕು. ಬೇರೆಯಾದರೆ ಎರಡೂ ಇಲ್ಲದ ಬಂಜೆ ಗಿಡ ಹುಟ್ಟುತ್ತದೆ.

ಒಟ್ಟಿಗೇ ಸಾಗಬೇಕಾದರೆ ಏನು ಮಾಡಬೇಕು? ಸಾಮಾನ್ಯವಾಗಿ ಪರಾಗ ಅಥವಾ ಅಂಡ ತಯಾರಾಗುವಾಗ ಜೋಡಿ ವರ್ಣತಂತುಗಳು ಅಕ್ಕಪಕ್ಕ ನಿಂತು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಎಕ್ಸ್ ಮತ್ತು ವೈ ನಡುವೆ ಆ ಭಾಗದಲ್ಲಿ ಈ ಅದಲು ಬದಲು ನಿಂತುಹೋಗುತ್ತದೆ. ವೈಯ ತೊಂದರೆಗಳು ಶುರುವಾಗುವುದು ಅಲ್ಲಿಂದ.

ಆ ತೊಂದರೆ ಅರ್ಥವಾಗಬೇಕಾದರೆ ಮೆಕ್ಕೆಜೋಳದ ಹೊಲಕ್ಕೆ ಹೋಗಬೇಕು. ಬಾರ್ಬರಾ ಮ್ಯಾಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಜೋಳದ ಕಾಳಿನ ಮೇಲಿನ ಬಣ್ಣದ ಚುಕ್ಕೆಗಳನ್ನು ನೋಡಿ, ವರ್ಣತಂತುವಿನ ಕೆಲವು ತುಣುಕುಗಳು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತವೆ ಎಂದಳು. 1951ರ ಸಮ್ಮೇಳನದಲ್ಲಿ ಹೇಳಿದಾಗ ಕೇಳಿದವರು ಹೆಚ್ಚು ಪ್ರತಿಕ್ರಿಯೆ ತೋರಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವಳಿಗೆ ಆಗ 81 ವರ್ಷ. ಈ ನಡುವೆ 1968ರಲ್ಲಿ ರಾಯ್ ಬ್ರಿಟನ್ ಮತ್ತು ಡೇವಿಡ್ ಕೋನಿ ಜೀವಿಗಳ ಡಿ.ಎನ್.ಎ.ಯಲ್ಲಿ ಒಂದೇ ಮಾತು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಲ ಬರೆದಂತೆ ಇರುವ ಪುನರಾವರ್ತಿತ ಭಾಗಗಳಿವೆ ಎಂದು ತೋರಿಸಿದ್ದರು. ಇದರಲ್ಲಿ ಬಹುಪಾಲು ಮ್ಯಾಕ್‌ಕ್ಲಿಂಟಾಕ್‌ಳ ಜಿಗಿಯುವ ತುಣುಕುಗಳ ನೆಂಟರಿಷ್ಟರೇ ಎಂದು ಆಮೇಲೆ ತಿಳಿಯಿತು. ಕೆಲವು ಜಿಗಿಯುವಾಗ ಮೂಲ ಪ್ರತಿಯನ್ನು ಅಲ್ಲೇ ಬಿಟ್ಟು ನಕಲನ್ನು ಬೇರೆಡೆ ಸೇರಿಸುತ್ತವೆ, ಜೆರಾಕ್ಸ್ ಮಾಡಿದ ಹಾಗೆ. ಸಂಖ್ಯೆ ಬೆಳೆಯದೆ ಏನು ಮಾಡೀತು?

1972ರಲ್ಲಿ ಸುಸುಮು ಓನೋ (ರೂಮೆಕ್ಸ್‌ನ ಓನೋ ಬೇರೆ, ಇವರು ಬೇರೆ) ಕೆಲಸಕ್ಕೆ ಬಾರದ ಡಿ.ಎನ್.ಎ.ಗೆ 'ಜಂಕ್' ಎಂಬ ಮಾತನ್ನು ಪ್ರಸಿದ್ಧ ಮಾಡಿದರು. ಜಂಕ್ ಎಂದರೆ ಗುಜರಿ. ಸ್ವಾರಸ್ಯ ಏನೆಂದರೆ ಇದೇ ಓನೋ 1967ರಲ್ಲಿ ಲಿಂಗ ವರ್ಣತಂತುಗಳ ಬಗ್ಗೆ ಪುಸ್ತಕ ಬರೆದು, ಎಕ್ಸ್ ಮತ್ತು ವೈ ಮೂಲದಲ್ಲಿ ಒಂದು ಸಾಧಾರಣ ಜೋಡಿಯಾಗಿದ್ದವು, ಕಾಲಕ್ರಮದಲ್ಲಿ ಬೇರೆಯಾದವು ಎಂದು ವಾದಿಸಿದ್ದರು. ಅವರ ಆ ಎರಡು ವಿಚಾರಗಳೂ ಗಂಡು ಗಿಡದ ವೈಯಲ್ಲಿ ಒಂದನ್ನೊಂದು ಭೇಟಿಯಾದವು.

ಹೇಗೆಂದರೆ, ಜಿಗಿಯುವ ತುಣುಕು ಬಂದು ಕೂತು ಹಾನಿ ಮಾಡಿದ ವರ್ಣತಂತುವನ್ನು ಸರಿಪಡಿಸಲು ಇರುವ ಒಳ್ಳೆಯ ದಾರಿ ಅದಲು ಬದಲು. ಹಾಳಾದ ತುಂಡು ಒಂದು ಕಡೆ, ಒಳ್ಳೆಯದು ಇನ್ನೊಂದು ಕಡೆ ಹೋಗುತ್ತದೆ, ಹಾಳಾದದ್ದನ್ನು ಪಡೆದ ಸಂತಾನ ಕ್ರಮೇಣ ಅಳಿಯುತ್ತದೆ. ವೈಗೆ ಆ ದಾರಿ ಮುಚ್ಚಿದೆ. ಬಂದು ಕೂತದ್ದು ಕೂತೇ ಇರುತ್ತದೆ, ಮೇಲಿಂದ ಇನ್ನೊಂದು ಬರುತ್ತದೆ. ಗುಡಿಸದ ಅಟ್ಟದ ಹಾಗೆ ವೈ ಉಬ್ಬುತ್ತದೆ. ಬಹಳ ಕಾಲ ಕಳೆದ ಮೇಲೆ ಕೆಲಸ ಕೆಟ್ಟ ಭಾಗಗಳು ಕಳಚಿ ಬೀಳುತ್ತ ವೈ ಸಣ್ಣದಾಗುತ್ತದೆ. ಮನುಷ್ಯನ ವೈ 15 ಕೋಟಿ ವರ್ಷಕ್ಕೂ ಹಳೆಯದು, ಅದು ಕುಗ್ಗಿದ ಹಂತದಲ್ಲಿದೆ. ಕ್ಯಾಂಪಿಯನ್‌ನದ್ದು ಸುಮಾರು 1.1 ಕೋಟಿ ವರ್ಷದ್ದು, ಉಬ್ಬಿದ ಹಂತ. 1923ರ ವಿಚಿತ್ರಕ್ಕೆ ಸಿಕ್ಕ ವಿವರಣೆ ಇದು.

ಇದನ್ನು ವಿವರವಾಗಿ ನೋಡಿದವರಲ್ಲಿ ಮುಖ್ಯರು ಮೆಂಡೆಲನ ಊರಾದ ಬ್ರುನೊದ ಜೀವಭೌತಶಾಸ್ತ್ರ ಸಂಸ್ಥೆಯವರು. ಬೋರಿಸ್ ವಿಸ್ಕಾಟ್, ಎಡ್ವರ್ಡ್ ಕೆಯ್ನೊವ್‌ಸ್ಕಿ, ರೋಮನ್ ಹೋಬ್ಜಾ ಮೊದಲಾದವರು ಕ್ಯಾಂಪಿಯನ್ ವೈಯಲ್ಲಿ ಯಾವ ಯಾವ ಪುನರಾವರ್ತಿತ ಡಿ.ಎನ್.ಎ. ಎಲ್ಲೆಲ್ಲಿ ಇದೆ ಎಂದು ಹೊಳೆಯುವ ಬಣ್ಣ ಹಚ್ಚಿ ನಕ್ಷೆ ಮಾಡಿದರು. 2006ರಲ್ಲಿ ಪ್ರಕಟಿಸಿದ್ದು ಇನ್ನೂ ಸೋಜಿಗ: ಎಲೆಯನ್ನು ಹಸಿರು ಮಾಡುವ ಹರಿತ್ತಿನ ಕಣಗಳ ಡಿ.ಎನ್.ಎ.ಯ ಚೂರುಗಳೂ ವೈಗೆ ಬಂದು ಸೇರಿವೆ. ಎಲ್ಲ ಗುಜರಿಯೂ ವೈಗೆ ಬರುತ್ತದೆ ಎಂದೂ ಹೇಳುವಂತಿಲ್ಲ. 'ಓಗರ್' ಎಂಬ ಒಂದು ಜಿಗಿಯುವ ಕುಟುಂಬ ಉಳಿದ ಎಲ್ಲ ವರ್ಣತಂತುಗಳಲ್ಲಿ ಇದ್ದು ವೈಯಲ್ಲಿ ಮಾತ್ರ ಇಲ್ಲ. ಅದು ಹೆಣ್ಣಿನ ಕಡೆಯಿಂದ ಮಾತ್ರ ನಕಲಾಗುತ್ತಿರಬಹುದು ಎಂಬುದು ಅವರ ಊಹೆ. ವೈ ಎಂದೂ ಹೆಣ್ಣಿನೊಳಗೆ ಹೋಗುವುದಿಲ್ಲ, ತಂದೆಯಿಂದ ಮಗನಿಗೇ ಹೋಗುತ್ತದೆ. ಆದ್ದರಿಂದ ಆ ತುಣುಕಿಗೆ ವೈಯ ಬಾಗಿಲು ಸಿಗಲಿಲ್ಲ.

ತೊಂಡೆ? 2013ರಲ್ಲಿ ಮ್ಯೂನಿಕ್‌ನ ಸುಸಾನ್ ರೆನ್ನರ್ ಅವರ ತಂಡ ಪುಣೆಯವರು ನೋಡಿದ ವೈಯನ್ನು ಹೊಸ ಉಪಕರಣಗಳಿಂದ ನೋಡಿತು. ಗಂಡು ಬಳ್ಳಿಯ ಕೋಶದಲ್ಲಿ ಹೆಣ್ಣಿಗಿಂತ ಸುಮಾರು ಶೇಕಡ 10 ಹೆಚ್ಚು ಡಿ.ಎನ್.ಎ. ಇತ್ತು, ಅದೂ ಒಂದೇ ವರ್ಣತಂತುವಿನ ದೆಸೆಯಿಂದ. ಅದರ ವಯಸ್ಸು ಸುಮಾರು 30 ಲಕ್ಷ ವರ್ಷ. ಕ್ಯಾಂಪಿಯನ್‌ಗೆ ಹೋಲಿಸಿದರೆ ಇನ್ನೂ ಹುಡುಗ! ಇಷ್ಟು ಬೇಗ ಇಷ್ಟು ಉಬ್ಬಿದ್ದು ಹೇಗೆ? 2016ರಲ್ಲಿ ಅವರು ಗಂಡು ಹೆಣ್ಣುಗಳ ಡಿ.ಎನ್.ಎ.ಯನ್ನು ಹೋಲಿಸಿದಾಗ ಜಿಗಿಯುವ ತುಣುಕುಗಳೂ, ಹರಿತ್ತಿನ ಕಣ ಮತ್ತು ಮೈಟೊಕಾಂಡ್ರಿಯಾಗಳಿಂದ ಬಂದ ಚೂರುಗಳೂ ಕಂಡವು. ಕೋಶ ಒಡೆಯುವಾಗ ವರ್ಣತಂತುವನ್ನು ಎಳೆಯಲು ಹಿಡಿಯುವ ನಡುವಿನ ಗಂಟು, ಅಂದರೆ ಸೆಂಟ್ರೊಮಿಯರ್, ಅದೂ ವೈಯಲ್ಲಿ ಉಳಿದವುಗಳಿಗಿಂತ ಬೇರೆ ಬಗೆಯದ್ದು.

ಪಪ್ಪಾಯದ ಮಾತನ್ನೂ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಕೃಷಿಕರ ಲಾಭ ನಷ್ಟ ಇದೆ. ಅದರಲ್ಲಿ ಗಂಡು, ಹೆಣ್ಣು, ದ್ವಿಲಿಂಗಿ ಮೂರು ಬಗೆ. 2004ರಲ್ಲಿ ಅದರ ವೈಯನ್ನು ಗುರುತಿಸಿದರು. ಸೂಕ್ಷ್ಮದರ್ಶಕದಲ್ಲಿ ಎಕ್ಸ್‌ಗೂ ಅದಕ್ಕೂ ವ್ಯತ್ಯಾಸವೇ ಕಾಣದಷ್ಟು ಎಳೆಯದು. 2012ರಲ್ಲಿ ಓದಿ ನೋಡಿದಾಗ ಅದಲು ಬದಲು ನಿಂತ ಭಾಗ ದ್ವಿಲಿಂಗಿಯ ವೈಯಲ್ಲಿ ಸುಮಾರು 81 ಲಕ್ಷ ಅಕ್ಷರ, ಎಕ್ಸ್‌ನಲ್ಲಿ ಅದೇ ಭಾಗ ಸುಮಾರು 35 ಲಕ್ಷ. ಉಬ್ಬಲು ಶುರುವಾಗಿದೆ ಎಂದಾಯಿತು. ಎರಡು ವೈ ಸೇರಿದ ಭ್ರೂಣ ಬದುಕುವುದಿಲ್ಲ, ವೈಯಲ್ಲಿ ಅಗತ್ಯದ ಏನೋ ಹಾಳಾಗಿದೆ. ಹಾಗಾಗಿ ದ್ವಿಲಿಂಗಿ ಮರದ ಬೀಜ ಹಾಕಿದರೆ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು ಬರುತ್ತವೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ದು ತೆಗೆದ 'ಕೂರ್ಗ್ ಹನಿ ಡ್ಯೂ' ಈ ಎರಡೇ ಬಗೆಯದ್ದು, ಗಂಡು ಮರದ ಕಾಟ ಇಲ್ಲ. ಜಾಯಿಕಾಯಿ ಇಟ್ಟವರ ಪಾಡು ಇನ್ನೂ ಕಷ್ಟ. ಬೀಜದ ಗಿಡ ಆರೇಳು ವರ್ಷ ನೀರು ಗೊಬ್ಬರ ತಿಂದ ಮೇಲೆ ಹೂ ಬಿಟ್ಟು ಗಂಡು ಎನ್ನುತ್ತದೆ. ಕಸಿ ಗಿಡಕ್ಕೆ ಅಷ್ಟು ಬೆಲೆ ಸುಮ್ಮನೆ ಅಲ್ಲ.

ಹೆಣ್ಣನ್ನು ತಡೆಯುವ ಜೀನು ಯಾವುದು ಎಂದು ವೆಸ್ಟರ್‌ಗಾರ್ಡ್‌ಗೆ ಹೇಳಲಾಗಿರಲಿಲ್ಲ. ಪುನರಾವರ್ತಿತ ಭಾಗಗಳೇ ಅಡ್ಡಿ. ಒಂದೇ ಚಿತ್ರದ ಸಾವಿರ ತುಂಡು ಕೊಟ್ಟು ಜೋಡಿಸು ಎಂದರೆ ಹೇಗೋ ಹಾಗೆ. 2022ರಲ್ಲಿ ಕ್ಯಾಂಪಿಯನ್‌ನ ಆ ಜೀನನ್ನು ಜಪಾನಿನ ಕಜಾಮ ಮತ್ತು ಸಂಗಡಿಗರು ಗುರುತಿಸಿದರು. ಆ ದೈತ್ಯ ವೈಯ ಪೂರ್ತಿ ಓದು 'ಸೈನ್ಸ್' ಪತ್ರಿಕೆಯಲ್ಲಿ ಎರಡು ತಂಡಗಳಿಂದ ಒಟ್ಟಿಗೆ ಪ್ರಕಟವಾದದ್ದು 2025ರಲ್ಲಿ, ಬ್ಲ್ಯಾಕ್‌ಬರ್ನ್ ಕಂಡ 102 ವರ್ಷಗಳ ಮೇಲೆ.

ತೊಂಡೆಯ ಮೇಲಿನ ಕೆಲಸ ಪುಣೆಗೆ ಮತ್ತೆ ಮರಳಿದೆ. ಅಲ್ಲಿನ ಐಸರ್ ಸಂಸ್ಥೆಯ ತಂಡ 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಹೆಣ್ಣು ಬಳ್ಳಿಗೆ ಸಿಲ್ವರ್ ನೈಟ್ರೇಟ್ ಕೊಟ್ಟರೆ ಅದರ ಹೂವಿನಲ್ಲಿ ಕೇಸರಗಳು ಬೆಳೆಯುತ್ತವೆ. ಆ ಬಳ್ಳಿಯಲ್ಲಿ ವೈ ಇಲ್ಲವೇ ಇಲ್ಲ. ಅಂದರೆ ಕೇಸರ ಕಟ್ಟುವ ಸಾಮಾನು ಹೆಣ್ಣು ಬಳ್ಳಿಯ ಒಳಗೂ ಇದೆ, ಅದನ್ನು ಎಬ್ಬಿಸುವ ಕೈ ಮಾತ್ರ ವೈಯದ್ದು. ಮುಂದಿನ ಮಳೆಗಾಲದಲ್ಲಿ ಬೇಲಿಯ ಕಾಡುತೊಂಡೆಯಲ್ಲಿ ಮಿಡಿ ಇಲ್ಲದ ಹೂವು ಸಿಕ್ಕಿದರೆ ಕಿತ್ತು ಬಿಸಾಡಬೇಡಿ. ಎಸಳು ಬಿಡಿಸಿದರೆ ನಡುವೆ ಒಂದಕ್ಕೊಂದು ಅಂಟಿಕೊಂಡ ಹಳದಿ ಕೇಸರ ಕಾಣುತ್ತದೆ. ಮಕ್ಕಳಿಗೆ ತೋರಿಸಲು ಲೆನ್ಸ್ ಕೂಡ ಬೇಡ.